ನಾನು ಪ್ರಾರ್ಥಿಸುವ ಕನ್ನಡ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಾನು ಹುಟ್ಟಿ ಬೆಳೆದ ಮನೆಯಲ್ಲಿ ದೇವರಿಗೆ ಎರಡು ಹೆಸರುಗಳಿದ್ದವು. ಅಪ್ಪ ಯೆಹೋವ ಎನ್ನುತ್ತಿದ್ದರು. ಅಮ್ಮ ಸರ್ವೇಶ್ವರ ಎನ್ನುತ್ತಿದ್ದಳು. ಅಪ್ಪನ ಕೈಯಲ್ಲಿ ಕಪ್ಪು ರಟ್ಟಿನ ಸತ್ಯವೇದ; ಅಮ್ಮನ ಕೈಯಲ್ಲಿ ಮರದ ಮಣಿಗಳ ಜಪಸರ. ಅಪ್ಪನ ಚರ್ಚಿನ ಬೋಧಕರು ಅಯ್ಯನವರು. ಅಮ್ಮನ ಚರ್ಚಿನ ಗುರುಗಳು ಸ್ವಾಮಿಗಳು. ಅಪ್ಪ ದೀಕ್ಷಾಸ್ನಾನ ಎಂದರೆ ಅಮ್ಮ ಜ್ಞಾನಸ್ನಾನ ಎನ್ನುವಳು. ಐದಾರು ವರ್ಷದ ಹುಡುಗನಾಗಿದ್ದ ನಾನು, ಈ ಇಬ್ಬರೂ ದೇವರು ಅಕ್ಕಪಕ್ಕದ ಮನೆಗಳಲ್ಲಿ ಇರುವವರೆಂದೂ, ಹಬ್ಬಹರಿದಿನಗಳಲ್ಲಿ ಮಾತ್ರ ಒಬ್ಬರನ್ನೊಬ್ಬರು ಮಾತನಾಡಿಸುವವರೆಂದೂ ತಿಳಿದಿದ್ದೆ. ನಮ್ಮ ತಂದೆಯ ಕಡೆಯವರೂ ತಾಯಿಯ ಕಡೆಯವರೂ ಇದ್ದುದು ಹಾಗೆಯೇ.

ಈ ಮಾತುಗಳನ್ನು ಕೇಳುತ್ತಿರುವವರಲ್ಲಿ ಕ್ರೈಸ್ತರಲ್ಲದವರೇ ಹೆಚ್ಚು ಎಂಬುದನ್ನು ನಾನು ಬಲ್ಲೆ. ಮತಬೋಧೆ ಮಾಡುವುದು ನನ್ನ ಉದ್ದೇಶವಲ್ಲ. ಇತಿಹಾಸದ ಪಾಠ ಹೇಳಿ ಬದುಕು ಸಾಗಿಸಿದವನು ನಾನು. ನಮ್ಮ ಮನೆಯ ಆ ಎರಡು ಹೆಸರುಗಳು ಎಲ್ಲಿಂದ ಬಂದವು, ಯಾರ ಕೈಯಿಂದ ಬಂದವು ಎಂದು ಹುಡುಕುತ್ತ ಹೋದಾಗ ನನಗೆ ಕಂಡುದನ್ನು ಹೇಳಬೇಕೆಂದಿದ್ದೇನೆ. ಇದು ಕ್ರೈಸ್ತರ ಕಥೆಯಾಗಿರುವಷ್ಟೇ ಕನ್ನಡದ ಕಥೆಯೂ ಹೌದು.

ಅಮ್ಮನ ಹೆಸರಿನಿಂದಲೇ ಆರಂಭಿಸುತ್ತೇನೆ. ಎರಡರಲ್ಲಿ ಅದೇ ಹಳೆಯದು. ಹದಿನೇಳನೆಯ ಶತಮಾನದ ನಡುಭಾಗದಲ್ಲಿ, ಮೈಸೂರು ಅರಸರ ರಾಜಧಾನಿ ಶ್ರೀರಂಗಪಟ್ಟಣದಲ್ಲಿದ್ದಾಗ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ ಅಲ್ಲಿಗೆ ಬಂದು ಮೈಸೂರು ಮಿಷನ್ನಿಗೆ ಬುನಾದಿ ಹಾಕಿದರು. ಅದಕ್ಕೆ ಕೆಲವು ದಶಕಗಳ ಮುನ್ನ ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಕಾವಿ ತೊಟ್ಟು, ಶಾಕಾಹಾರಿಯಾಗಿ, ಸಂಸ್ಕೃತ ಮತ್ತು ತಮಿಳು ಕಲಿತು, ಸಂನ್ಯಾಸಿಯ ರೀತಿಯಲ್ಲಿ ಬಾಳಿ ಬೋಧಿಸಿದ್ದರು. ಮೈಸೂರಿನ ಜೆಸ್ವಿಟರೂ ಅದೇ ದಾರಿ ಹಿಡಿದರು. ಚಿನ್ನಾಮಿ ಕನ್ನಡದ ವ್ಯಾಕರಣವನ್ನೂ ಧರ್ಮೋಪದೇಶದ ಪುಸ್ತಕವನ್ನೂ ಬರೆದರೆಂದು ಮಿಷನ್ನಿನ ಇತಿಹಾಸ ಹೇಳುತ್ತದೆ. ಪರದೇಶದ ಹೆಸರೊಂದನ್ನು ತಂದು ಜನರ ನಾಲಿಗೆಯ ಮೇಲೆ ಇಡುವ ಬದಲು, ಜನರ ನಾಲಿಗೆಯ ಮೇಲಿದ್ದ ಹೆಸರನ್ನೇ ದೇವರಿಗೆ ಅರ್ಪಿಸುವುದು ಈ ಪಂಥದ ರೀತಿ. ಡಿ ನೊಬಿಲಿಯ ತಮಿಳಿನಲ್ಲಿ ಸರ್ವೇಶುರನ್ ಎಂದಿದ್ದುದು ಕನ್ನಡದ ಕಥೋಲಿಕರಲ್ಲಿ ಸರ್ವೇಶ್ವರ. ಎಲ್ಲರ ಒಡೆಯ ಎಂಬ ಅರ್ಥದ ಆ ಮಾತಿಗೆ ವಿವರಣೆ ಬೇಕಿರಲಿಲ್ಲ. ಹೊಲದಲ್ಲಿ ಕಳೆ ಕೀಳುವ ಹೆಂಗಸಿಗೂ ಅದು ತಿಳಿಯುತ್ತಿತ್ತು.

ನನ್ನ ಅಮ್ಮನ ತವರು ಶ್ರೀರಂಗಪಟ್ಟಣದ ಪಕ್ಕದ ಗಂಜಾಂ. ಅಂಜೂರದ ಹಣ್ಣಿಗೆ ಹೆಸರಾದ ಆ ಊರಿನಲ್ಲಿ ಒಂದು ಹಳೆಯ ಚರ್ಚುಂಟು. ಇಂದಿಗೂ ಅದನ್ನು ಅಬ್ಬೆ ದುಬಾಯ್ ಅವರ ಹೆಸರಿನೊಡನೆಯೇ ಹೇಳುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಯುದ್ಧ ಮತ್ತು ಸೆರೆಗಳಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಬಂದವರು ಈ ಫ್ರೆಂಚ್ ಪಾದ್ರಿ. ನಮ್ಮ ದೇಶದ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥ ಪ್ರಸಿದ್ಧವಾದುದು. ಸಿಡುಬಿಗೆ ಹಾಲಚುಚ್ಚು ಹಾಕಿಸುವ ಕೆಲಸವನ್ನು ಮೈಸೂರು ಸೀಮೆಯಲ್ಲಿ ಹಬ್ಬಿಸಿದುದರಲ್ಲಿಯೂ ಅವರ ಪಾಲುಂಟು. ಆದರೆ 1823ರಲ್ಲಿ ಅವರು ಹಡಗು ಹತ್ತಿ ಹಿಂದಿರುಗಿದುದು ನಿರಾಶೆಯಿಂದ. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಅವರು, ಈ ದೇಶದಲ್ಲಿ ಕ್ರೈಸ್ತಧರ್ಮ ಬೇರೂರುವ ಕಾಲ ಮುಗಿಯಿತೆಂದರು; ಬೈಬಲನ್ನು ದೇಶಭಾಷೆಗಳಿಗೆ ತಂದು ಹಂಚುವುದರಿಂದ ಒಳಿತಿಗಿಂತ ಕೆಡುಕೇ ಹೆಚ್ಚೆಂದರು.

ಅವರ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅವರು ಹೇಳುವ ಒಂದು ಪ್ರಸಂಗ ಹೀಗಿದೆ. ಮನೆ ಬಿಟ್ಟು ಹೋಗಿ ಆಸ್ತಿಯನ್ನೆಲ್ಲ ಹಾಳುಮಾಡಿ ಹಿಂದಿರುಗಿದ ಮಗನ ಸಾಮತಿಯನ್ನು ಅವರು ಒಮ್ಮೆ ತಮ್ಮ ಸಭೆಯಲ್ಲಿ ವಿವರಿಸಿದರು. ಮಗ ಬಂದ ಸಂತೋಷಕ್ಕೆ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿ ಔತಣ ಮಾಡಿದನೆಂಬ ಮಾತು ಬಂತು. ಕೇಳುತ್ತಿದ್ದ ಕ್ರೈಸ್ತರ ಮುಖಗಳೇ ಬಾಡಿದವು. ಅನಂತರ ಕೆಲವರು ಬಂದು, ಕರುವಿನ ಸುದ್ದಿಯನ್ನು ಇನ್ನೊಮ್ಮೆ ಎತ್ತಬೇಡಿರೆಂದೂ, ಅದರ ಬದಲು ಕುರಿಮರಿಯೆಂದರೆ ಸಾಕೆಂದೂ ಅವರಿಗೆ ಬುದ್ಧಿ ಹೇಳಿದರು. ದುಬಾಯ್ ಇದನ್ನು ಭಾಷಾಂತರದ ಸೋಲಿಗೆ ಸಾಕ್ಷಿಯೆಂದು ಹೇಳಿದರು. ನನಗೆ ಹಾಗೆ ತೋರುವುದಿಲ್ಲ. ತಾವು ಕೇಳಿದ ಕಥೆಯನ್ನು ನೆರೆಹೊರೆಯವರ ಮುಂದೆ ನಾಚಿಕೆಯಿಲ್ಲದೆ ಹೇಳಬೇಕು ಎಂಬ ಆಸೆ ಆ ಬಡವರಿಗೆ ಇತ್ತು. ಕಥೆ ತಮ್ಮದಾಗದೆ ಇದ್ದರೆ ಅದನ್ನು ತಿದ್ದುವ ಗೋಜಿಗೆ ಅವರೇಕೆ ಹೋಗುತ್ತಿದ್ದರು?

ಕಥೋಲಿಕರು ಹೀಗೆ ಅಳುಕುತ್ತಿದ್ದಾಗ ಪ್ರಾಟೆಸ್ಟೆಂಟರು ನೇರವಾಗಿ ಭಾಷಾಂತರಕ್ಕೇ ಕೈಹಚ್ಚಿದ್ದರು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದುದು 1810ರಲ್ಲಿ. ಅವರ ಕೈಗೆ ಒದಗುವ ಕನ್ನಡ ನಿಘಂಟು ಆಗ ಇರಲಿಲ್ಲ. ಅವರ ಜೊತೆಗಾರ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದುದು 1832ರಲ್ಲಿ. ಅಷ್ಟರಲ್ಲಿ, 1831ರ ಹೊತ್ತಿಗೆ, ಇಡೀ ಬೈಬಲ್ ಕನ್ನಡದಲ್ಲಿ ಮುಗಿದಿತ್ತು. ನಿಘಂಟಿಗೆ ಮೊದಲೇ ಮಹಾಗ್ರಂಥ ಮುಗಿಯಿತೆಂದರೆ ಅದರ ಅರ್ಥವೇನು? ಪದಗಳು ಬಂದುದು ಪುಸ್ತಕದಿಂದಲ್ಲ, ಮನುಷ್ಯರಿಂದ. ಬೆಳಗಿನಿಂದ ಸಂಜೆಯವರೆಗೆ ದೊರೆಯ ಪಕ್ಕದಲ್ಲಿ ಕುಳಿತು, ಹೀಗಲ್ಲ ಹಾಗೆ ಎಂದು ತಿದ್ದುತ್ತಿದ್ದ ಮುನ್ಷಿಗಳಿಂದ, ಪಂಡಿತರಿಂದ. ಅವರಲ್ಲಿ ಬಹುಮಂದಿ ಕ್ರೈಸ್ತರಲ್ಲ. ಆಗುವ ಇಚ್ಛೆಯೂ ಅವರಿಗೆ ಇದ್ದಂತಿಲ್ಲ. ಸಂಬಳಕ್ಕಾಗಿ ಬಂದರು, ತಮಗೆ ಗೊತ್ತಿದ್ದ ಒಳ್ಳೆಯ ಕನ್ನಡವನ್ನು ಕೊಟ್ಟರು, ಸಂಜೆ ಮನೆಗೆ ಹೋಗಿ ಕಾಲು ತೊಳೆದು ತಮ್ಮ ದೇವರಿಗೆ ದೀಪ ಹಚ್ಚಿದರು. ಪುಸ್ತಕದ ಮುಖಪುಟದಲ್ಲಿ ಅವರ ಹೆಸರಿಲ್ಲ.

ಹೆಸರಿಲ್ಲದಿದ್ದರೂ ಅವರ ಗುರುತು ಉಂಟು. ಸತ್ಯವೇದದ ಪರಿವಿಡಿಯನ್ನು ಬಿಡಿಸಿ ನೋಡಿ. ಮೊದಲ ಪುಸ್ತಕ ಆದಿಕಾಂಡ, ಎರಡನೆಯದು ವಿಮೋಚನಕಾಂಡ, ಮೂರನೆಯದು ಯಾಜಕಕಾಂಡ. ಕಾಂಡ ಎಂಬುದು ರಾಮಾಯಣ ಕೇಳಿ ಬೆಳೆದ ಕಿವಿಯ ಮಾತು. ನಾಲ್ಕನೆಯ ಪುಸ್ತಕವನ್ನು ಇಂಗ್ಲಿಷಿನವರು ಗ್ರೀಕರನ್ನು ಅನುಸರಿಸಿ ಎಣಿಕೆಗಳು ಎಂಬ ಅರ್ಥದಲ್ಲಿ ಕರೆಯುತ್ತಾರೆ, ಏಕೆಂದರೆ ಅದರಲ್ಲಿ ಇಸ್ರಾಯೇಲ್ ಜನರ ಖಾನೇಷುಮಾರಿಯುಂಟು. ಯೆಹೂದ್ಯರ ಮೂಲ ಹೀಬ್ರೂವಿನಲ್ಲಿ ಅದರ ಹೆಸರು ಬೆಮಿದ್ಬಾರ್. ಅರಣ್ಯದಲ್ಲಿ ಎಂದು ಅರ್ಥ. ಕನ್ನಡದಲ್ಲಿ ಅದಕ್ಕೆ ಇಟ್ಟ ಹೆಸರು ಅರಣ್ಯಕಾಂಡ. ಶ್ರೀರಾಮನು ಸೀತಾಲಕ್ಷ್ಮಣರೊಡನೆ ದಂಡಕಾರಣ್ಯದಲ್ಲಿ ಅಲೆದ ಕಾಂಡಕ್ಕೂ, ಮೋಶೆಯು ತನ್ನ ಜನರೊಡನೆ ನಲವತ್ತು ವರ್ಷ ಮರುಭೂಮಿಯಲ್ಲಿ ಅಲೆದ ಕಾಂಡಕ್ಕೂ ನಮ್ಮಲ್ಲಿ ಒಂದೇ ಹೆಸರು. ಇಂಗ್ಲಿಷಿನ ಎಣಿಕೆಯನ್ನು ಬಿಟ್ಟು ಹೀಬ್ರೂವಿನ ಅರಣ್ಯವನ್ನು ಹಿಡಿದುದು ಪಾಂಡಿತ್ಯ. ಅದನ್ನು ವಾಲ್ಮೀಕಿಯ ಕಾಂಡದೊಡನೆ ಬೆಸೆದುದು ನಾಡಿನ ಬುದ್ಧಿ. ದಾವೀದನ ಹಾಡುಗಳು ದಾಸರ ಮಾತಿನಲ್ಲಿ ಕೀರ್ತನೆಗಳಾದವು. ಒಟ್ಟು ಗ್ರಂಥವೇ ಸತ್ಯವೇದವಾಯಿತು. ನಾವು ಕ್ರೈಸ್ತರು ದಿನವೂ ಬಾಯಲ್ಲಿ ಆಡುವ ಈ ಪದಗಳೆಲ್ಲ ನೆರೆಮನೆಯಿಂದ ತಂದ ಕಡ. ಕಡ ಕೊಟ್ಟವರು ಲೆಕ್ಕ ಇಡಲಿಲ್ಲ, ತಂದುಕೊಂಡವರು ನೆನಪಿಡಲಿಲ್ಲ.

ಹ್ಯಾಂಡ್ಸ್ ಅವರ ಭಾಷಾಂತರದ ಕುಂದುಗಳನ್ನು ಮುಂದಿನವರು ತಿದ್ದುತ್ತ ಬಂದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ವೈಗ್ಲೆ ಮತ್ತು ಮೋಗ್ಲಿಂಗ್ ಈ ಪರಿಷ್ಕರಣದಲ್ಲಿ ದುಡಿದವರು. ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡದ ಮೊದಲ ಪತ್ರಿಕೆಗೆ ಜನ್ಮ ಕೊಟ್ಟರು. ಅದೇ ಮಿಷನ್ನಿನ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಿದರು, 1894ರಲ್ಲಿ ಕೊಟ್ಟ ನಿಘಂಟಂತೂ ಸರ್ವರಿಗೂ ತಿಳಿದದ್ದೇ. ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಷನ್ನಿನ ಅಚ್ಚುಕೂಟ ಮಾಡಿದ ಒಂದು ಕೆಲಸವನ್ನು ಹೇಳಿದರೆ ನಿಮಗೆ ಆಶ್ಚರ್ಯವಾದೀತು. 1849ರಲ್ಲಿ ಜಾನ್ ಗ್ಯಾರೆಟ್ ಎಂಬ ಪಾದ್ರಿ ಅಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಅಕ್ಕಪಕ್ಕದಲ್ಲಿಟ್ಟು ಅಚ್ಚು ಹಾಕಿಸಿದರು. ಕಡ ತಂದವರು ಕೆಲವು ಸಲ ಹೀಗೆ ಹಿಂದಕ್ಕೂ ಕೊಟ್ಟಿದ್ದಾರೆ. ಆದರೆ ಈ ಸಾಲಿನ ಎಲ್ಲರೂ ನಮ್ಮವರ ಧರ್ಮವನ್ನು ಗೌರವದಿಂದ ಕಂಡರೆಂದು ನಾನು ಹೇಳಲಾರೆ. ಅವರ ಕರಪತ್ರಗಳಲ್ಲಿ ನೋಯಿಸುವ ಮಾತುಗಳುಂಟು. ಆ ಮಾತುಗಳು ಕನ್ನಡದಲ್ಲಿಯೇ ಇರುವುದು ನನಗೆ ಇನ್ನಷ್ಟು ನೋವಿನ ವಿಷಯ.

ನಮ್ಮ ಮೈಸೂರಿಗೆ ಬರುತ್ತೇನೆ. ವೆಸ್ಲಿಯನ್ನರು 1887ರಲ್ಲಿ ಇಲ್ಲಿಂದ ‘ವೃತ್ತಾಂತ ಪತ್ರಿಕೆ’ ಎಂಬ ಕನ್ನಡ ವಾರಪತ್ರಿಕೆಯನ್ನು ಹೊರಡಿಸಿದರು. ಅದರ ಹಿಂದೆ ಇದ್ದವರು ಹೆನ್ರಿ ಹೇಗ್. ಕನ್ನಡ ಬೈಬಲ್ಲಿನ ಪರಿಷ್ಕರಣದಲ್ಲಿಯೂ ಅವರ ಕೈ ಇತ್ತು. 1890ರಲ್ಲಿ ಮೈಸೂರಿನ ಮಿಷನ್ ಪ್ರೆಸ್ಸು ಆರಂಭವಾಯಿತು. ನನ್ನ ತಾತ ಅಲ್ಲಿಗೆ ಹುಡುಗನಾಗಿ ಸೇರಿ, ಮೊಳೆ ಜೋಡಿಸುವುದನ್ನು ಕಲಿತು, ಕೊನೆಗೆ ಕರಡು ತಿದ್ದುವವರಾದರು. ಸೀಸದ ಮೊಳೆಗಳ ಕಾಲದಲ್ಲಿ ಕನ್ನಡದ ಅಚ್ಚು ಎಂದರೆ ಸುಲಭವಲ್ಲ. ಅಕ್ಷರಕ್ಕೊಂದು, ಗುಣಿತಕ್ಕೊಂದು, ಒತ್ತಿಗೊಂದು ಎಂದು ನೂರಾರು ಮನೆಗಳ ಪೆಟ್ಟಿಗೆ. ಅದರ ಮುಂದೆ ನಿಂತವನ ಕೈ ಕಣ್ಣಿಗಿಂತ ಮುಂದೆ ಓಡಬೇಕು. ತಾತ ನನಗೆ ಹೇಳುತ್ತಿದ್ದ ಒಂದು ಮಾತು ನೆನಪಿದೆ: “ನೋಡು ಮಗು, ಕ್ಷಮೆ ಎನ್ನುವ ಕಡೆ ಕೈತಪ್ಪಿ ಒಂದು ದೀರ್ಘ ಬಿತ್ತೋ, ಅದು ಕ್ಷಾಮ ಆಗಿಹೋಗುತ್ತೆ. ಓದುವವನಿಗೆ ಅನ್ನ ಬಡಿಸುವ ಕೆಲಸ ಇದು.”

ಇಂಥ ತಾತನಿಗೆ ನನ್ನ ಅಪ್ಪನ ಮದುವೆ ನುಂಗಲಾರದ ತುತ್ತಾಯಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಜನ್ಮ ತಾಳಿ, ಮೈಸೂರಿನ ವೆಸ್ಲಿಯನ್ನರೂ ಅದರಲ್ಲಿ ಸೇರಿದ್ದರು. ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೀರಿಯನ್ನರು ಎಲ್ಲ ಒಂದಾದರೆಂದು ಜನ ಸಂಭ್ರಮಿಸುತ್ತಿದ್ದ ಕಾಲ. ಆದರೆ ಆ ಒಗ್ಗಟ್ಟು ಕಥೋಲಿಕರ ಬೇಲಿಯ ಈಚೆಗೇ ನಿಂತಿತ್ತು. ಅದಾಗಿ ಎರಡು ವರ್ಷಕ್ಕೆ ಅಪ್ಪ ಗಂಜಾಮಿನ ಕಥೋಲಿಕ ಹುಡುಗಿಯನ್ನು ಮದುವೆಯಾದರು. ಆಗಿನ ನಿಯಮದಂತೆ ಅಂಥ ಮದುವೆಗೆ ವಿಶೇಷ ಅನುಮತಿ ಬೇಕಿತ್ತು. ಬಲಿಪೂಜೆಯಿಲ್ಲದೆ, ಸದ್ದುಗದ್ದಲವಿಲ್ಲದೆ ಅದು ನಡೆಯಬೇಕಿತ್ತು. ಹುಟ್ಟುವ ಮಕ್ಕಳನ್ನೆಲ್ಲ ಕಥೋಲಿಕರಾಗಿಯೇ ಬೆಳೆಸುವೆನೆಂದು ವರನು ಬರೆದುಕೊಡಬೇಕಿತ್ತು. ಅಪ್ಪ ಬರೆದುಕೊಟ್ಟರು. ಸೊಸೆಯ ಮೇಲೆ ತಾತನಿಗೆ ಸಿಟ್ಟಿರಲಿಲ್ಲವೆಂದು ಈಗ ನನಗೆ ಅನ್ನಿಸುತ್ತದೆ. ಜೀವಮಾನವೆಲ್ಲ ಕಾಗದದ ಮೇಲಿನ ಅಕ್ಷರವನ್ನು ನಂಬಿದ ಆ ಮುದುಕನನ್ನು ಕೊರೆದುದು ಮಗ ಹಾಕಿದ ಸಹಿ. ಹದಿನೈದು ವರ್ಷ ಅವರು ಪ್ರತಿ ಭಾನುವಾರ ಸಂಜೆ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕುಳಿತರು. ಅಮ್ಮ ಕಾಫಿ ತಂದಿಟ್ಟರೆ ಕುಡಿದರು. ಅವಳ ಹೆಸರು ಹಿಡಿದು ಕರೆಯಲಿಲ್ಲ. ಹೊಸಿಲು ದಾಟಿ ಒಳಗೆ ಬರಲಿಲ್ಲ.

ಮನೆಯ ಒಳಗೆ ಮಾತ್ರ ಬೇರೊಂದು ನಡೆಯುತ್ತಿತ್ತು. ರಾತ್ರಿ ಊಟವಾದ ಮೇಲೆ ಅಪ್ಪ ಸತ್ಯವೇದದ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಿದ್ದರು. ಆರಿಸಿ ಓದುವ ಅಭ್ಯಾಸ ಅವರಿಗಿರಲಿಲ್ಲ. ತಾತನಂತೆ ಆದಿಕಾಂಡದಿಂದ ಪ್ರಕಟಣೆಯವರೆಗೆ ಸಾಲಾಗಿ, ವಂಶಾವಳಿಗಳನ್ನೂ ಬಿಡದೆ ಓದುವರು. ಒಟ್ಟು 66 ಪುಸ್ತಕ, 1,189 ಅಧ್ಯಾಯ. ಒಂದು ಸುತ್ತು ಮುಗಿಯಲು ಮೂರು ವರ್ಷ ಮೂರು ತಿಂಗಳು. ಅಮ್ಮ ಮೂಲೆಯಲ್ಲಿ ಕುಳಿತು ಅವರೇಕಾಯಿ ಸುಲಿಯುತ್ತಲೋ ಬತ್ತಿ ಹೊಸೆಯುತ್ತಲೋ ಕೇಳದವಳಂತೆ ಕೇಳುವಳು. ಅವಳ ಕಡೆಯಲ್ಲಿ ಮನೆಮನೆಯಲ್ಲಿ ಬೈಬಲ್ ಓದುವ ವಾಡಿಕೆ ಆಗ ಇರಲಿಲ್ಲ. ಚರ್ಚಿನಲ್ಲಿ ಬಲಿಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು; ಗುರುಗಳು ಪೀಠದ ಕಡೆಗೆ ಮುಖ ಮಾಡಿ ನಿಂತಾಗ ಹೆಂಗಸರು ಹಿಂದೆ ಕುಳಿತು ಕನ್ನಡದಲ್ಲಿ ಜಪಸರ ಹೇಳಿಕೊಳ್ಳುವರು. ಹೀಗಾಗಿ ಯೋಸೇಫನನ್ನು ಅಣ್ಣಂದಿರು ಮಾರಿದ ಕಥೆಯನ್ನೂ, ರೂತಳು ಅತ್ತೆಯನ್ನು ಬಿಡದೆ ಹೋದ ಕಥೆಯನ್ನೂ ಅಮ್ಮ ಪೂರ್ತಿಯಾಗಿ ಕೇಳಿದುದು ಅಪ್ಪನ ಬಾಯಿಂದಲೇ. ಒಂದು ರಾತ್ರಿ ಅವಳು ಕೈಕೆಲಸ ನಿಲ್ಲಿಸಿ ಕೇಳಿದಳು: “ಅಲ್ಲಾ, ಈ ಯೆಹೋವ ಅಂತೀರಲ್ಲ, ಅವರು ನಮ್ಮ ಸರ್ವೇಶ್ವರನೇ ತಾನೆ?” ಅಪ್ಪ ಪುಸ್ತಕದಿಂದ ತಲೆ ಎತ್ತದೆ, “ಇನ್ಯಾರು ಮತ್ತೆ?” ಎಂದರು. ಹಾಗಿದ್ದರೆ ಹಾಗೆಯೇ ಓದಬಾರದೇಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ಕರಡು ತಿದ್ದುವವರ ಮಗ ಅಚ್ಚಾದ ಅಕ್ಷರವನ್ನು ಬದಲಿಸುತ್ತಿರಲಿಲ್ಲ.

ನಮ್ಮ ಮನೆಯಿಂದ ಸಂತ ಫಿಲೋಮಿನಾ ಚರ್ಚಿನ ಗಂಟೆ ಕೇಳುತ್ತಿತ್ತು. 175 ಅಡಿ ಎತ್ತರದ ಅದರ ಜೋಡಿ ಗೋಪುರಗಳು ಜರ್ಮನಿಯ ಕಲೋನಿನ ಮಾದರಿಯವು. ಆದರೆ 1933ರ ಅಕ್ಟೋಬರ್ 28ರಂದು ಅದರ ಅಸ್ತಿಭಾರದ ಕಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅದಕ್ಕೂ ಮೊದಲು ಅಲ್ಲಿ ಇದ್ದ ಚರ್ಚು 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಆ ಹಳೆಯ ಚರ್ಚಿನ ಶಾಸನ, ಸಕಲ ಲೋಕಗಳನ್ನೂ ಜೀವರಾಶಿಗಳನ್ನೂ ಸೃಷ್ಟಿಸಿ, ಕಾಪಾಡಿ, ಆಳುವ ಒಬ್ಬನೇ ದೇವರ ಹೆಸರಿನಿಂದ ಆರಂಭವಾಗುತ್ತದೆ. ಯೇಸುಕ್ರಿಸ್ತನು ಮನುಷ್ಯನಾಗಿ ಅವತರಿಸಿದ 1843 ವರ್ಷಗಳ ಮೇಲೆ ಈ ಮಂದಿರವಾಯಿತೆನ್ನುತ್ತದೆ. ಚಾಮುಂಡೇಶ್ವರಿಯ ಭಕ್ತರಾದ ಅರಸರ ಕಾಲದಲ್ಲಿ ಕ್ರೈಸ್ತರ ಮಂದಿರಕ್ಕೆ ಆದ ಶಾಸನ ಅದು. ಅದರಲ್ಲಿ ಒಬ್ಬರ ದೇವರು ಇನ್ನೊಬ್ಬರ ದೇವರೊಡನೆ ಜಗಳಕ್ಕೆ ನಿಂತಿಲ್ಲ. ಸರ್ವೇಶ್ವರ ಎಂದು ಅಮ್ಮ ಹೇಳುತ್ತಿದ್ದುದರ ವಿವರಣೆಯನ್ನೇ ನಾನು ಅದರಲ್ಲಿ ಓದಿದಂತಾಯಿತು.

1962ರಿಂದ 1965ರವರೆಗೆ ರೋಮಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಕೂಡಿತು. 1963ರ ಡಿಸೆಂಬರ್ 4ರಂದು ಆರಾಧನೆಯನ್ನು ಕುರಿತು ಅದು ಹೊರಡಿಸಿದ ವಿಧಿ, ಲ್ಯಾಟಿನ್ನಿನ ಪಕ್ಕದಲ್ಲಿ ದೇಶಭಾಷೆಗಳಿಗೂ ಬಾಗಿಲು ತೆರೆಯಿತು. ಮರುವರ್ಷ ನವೆಂಬರಿನಲ್ಲಿ ಕ್ರೈಸ್ತರ ಐಕ್ಯವನ್ನು ಕುರಿತ ವಿಧಿ ಬಂತು. ಬಾಗಿಲು ಒಮ್ಮೆ ತೆರೆದ ಮೇಲೆ ಲ್ಯಾಟಿನ್ ಕೆಲವೇ ವರ್ಷಗಳಲ್ಲಿ ಹಿಂದೆ ಸರಿಯಿತು. ಅಮ್ಮ ಮೊದಲ ಸಲ ಕನ್ನಡದಲ್ಲಿ ಬಲಿಪೂಜೆ ಕೇಳಿ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಬಂದವಳು, “ಇಷ್ಟು ವರ್ಷ ಸ್ವಾಮಿಗಳು ಅಲ್ಲಿ ನಿಂತು ಏನು ಕೇಳಿಕೊಳ್ಳುತ್ತಿದ್ದರು ಅನ್ನೋದು ಇವತ್ತು ಗೊತ್ತಾಯಿತು,” ಎಂದಳು. ಸಂತೋಷವೋ ದುಃಖವೋ ನನಗೆ ತಿಳಿಯಲಿಲ್ಲ. ಬಹುಶಃ ಎರಡೂ ಇದ್ದವು. ನಲವತ್ತರ ಹೆಂಗಸಿಗೆ ತನ್ನ ಪೂಜೆಯ ಅರ್ಥ ಅಂದು ತಿಳಿದಿತ್ತು. ಅದನ್ನು ತಿಳಿಯದೆಯೇ ತೀರಿಕೊಂಡ ತನ್ನ ತಾಯಿಯ ನೆನಪೂ ಅವಳಿಗೆ ಬಂದಿರಬೇಕು.

ಆ ಹೊಸ ಪ್ರಾರ್ಥನೆಗಳನ್ನು ಯಾರೋ ಆತುರದಲ್ಲಿ ಸೈಕ್ಲೋಸ್ಟೈಲ್ ಮಾಡಿದ್ದ ನಾಲ್ಕು ಹಾಳೆಗಳನ್ನು ಅಮ್ಮ ಬಂಧುಗಳ ಮನೆಯಿಂದ ತಂದಿದ್ದಳು. ಮುಂದಿನ ಭಾನುವಾರ ಸಂಜೆ ಆ ಹಾಳೆಗಳು ಜಗಲಿಯ ಮೇಲೆ ಇದ್ದವು. ಮರೆತು ಇಟ್ಟಳೋ, ಬೇಕೆಂದೇ ಇಟ್ಟಳೋ, ನಾನು ಕೊನೆಯವರೆಗೂ ಕೇಳಲಿಲ್ಲ. ತಾತ ಬಂದರು, ಕುಳಿತರು, ಹಾಳೆಗಳನ್ನು ಎತ್ತಿಕೊಂಡರು. ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. ಸ್ವಲ್ಪ ಹೊತ್ತಿಗೆ ಅವರ ಕೈ ತಾನೇ ಜೇಬಿಗೆ ಹೋಗಿ ಪೆನ್ಸಿಲನ್ನು ತೆಗೆಯಿತು. ಬಿಟ್ಟುಹೋದ ಒತ್ತುಗಳನ್ನು ಹಾಕಿದರು. ಅಲ್ಪಪ್ರಾಣವಾಗಿದ್ದ ಮಹಾಪ್ರಾಣಗಳನ್ನು ತಿದ್ದಿದರು. ಎರಡು ಕಡೆ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆದರು. ಸರ್ವೇಶ್ವರ ಎಂಬ ಮಾತಿನ ಮೇಲೆ ಅವರ ಪೆನ್ಸಿಲು ಓಡಲಿಲ್ಲ. ದೀಪ ಹಚ್ಚುವ ಹೊತ್ತಾಗಿತ್ತು. ತಾತ ಎದ್ದು, ಹೊಸಿಲು ದಾಟಿ ಒಳಗೆ ಬಂದು, ಅಡಿಗೆಮನೆಯ ಬಾಗಿಲಲ್ಲಿ ನಿಂತು, “ತಗೋಮ್ಮ. ಈಗ ಓದಬಹುದು,” ಎಂದರು. ಅಮ್ಮ ಒದ್ದೆ ಕೈಯನ್ನು ಒರೆಸಿಕೊಂಡು ಹಾಳೆಗಳನ್ನು ತೆಗೆದುಕೊಂಡಳು. ಅವರು ಅವಳ ಕೈಗೆ ಕೊಟ್ಟ ಮೊದಲ ವಸ್ತು ಅದು.

1984ರಲ್ಲಿ ಅಮ್ಮ ಹಾಸಿಗೆ ಹಿಡಿದಳು. ತಾತ ಅಷ್ಟರಲ್ಲಿ ಇರಲಿಲ್ಲ. ಸ್ವಾಮಿಗಳು ಬಂದು ಕೊನೆಯ ಸಂಸ್ಕಾರಗಳನ್ನು ನಡೆಸಿಹೋದರು. ರಾತ್ರಿ ಅಪ್ಪ ಎಂದಿನಂತೆ ಸತ್ಯವೇದ ತೆರೆದರು. ಆ ಸುತ್ತಿನಲ್ಲಿ ಅವರು ವಿಮೋಚನಕಾಂಡಕ್ಕೆ ಬಂದಿದ್ದರು: ಹಿಂದೆ ಫರೋಹನ ರಥಗಳು, ಮುಂದೆ ಸಮುದ್ರ, ನಡುವೆ ಹೆದರಿದ ಜನ. ಆ ಅಧ್ಯಾಯದಲ್ಲಿ ದೇವರ ಹೆಸರು ಅನೇಕ ಸಲ ಬರುತ್ತದೆ. ಮೊದಲ ಸಲ ಅದು ಬಂದಾಗ ಅಪ್ಪ ಒಂದು ಕ್ಷಣ ತಡೆದರು. ಅನಂತರ ಸರ್ವೇಶ್ವರ ಎಂದು ಓದಿದರು. ಎರಡನೆಯ ಸಲವೂ, ಮೂರನೆಯ ಸಲವೂ, ಅಧ್ಯಾಯ ಮುಗಿಯುವವರೆಗೂ ಹಾಗೆಯೇ ಓದಿದರು. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಬೆರಳು ಜಪಸರದ ಮೇಲೆ ಚಲಿಸುತ್ತಿತ್ತು. ಅವಳಿಗೆ ತಿಳಿಯಿತೆಂದೇ ನಾನು ನಂಬಿದ್ದೇನೆ. ಎರಡು ದಿನಗಳ ಮೇಲೆ ಅವಳು ತೀರಿಕೊಂಡಳು.

ಇತ್ತ ಲೋಕದಲ್ಲಿಯೂ ಮಾತು ಮುಂದುವರಿದಿತ್ತು. ಬೈಬಲ್ ಸೊಸೈಟಿಗಳೂ ರೋಮೂ ಸೇರಿ, ಎರಡು ಕಡೆಯವರೂ ಒಟ್ಟಿಗೆ ಬೈಬಲನ್ನು ಭಾಷಾಂತರಿಸಬಹುದೆಂದು 1968ರಲ್ಲಿಯೇ ಸೂತ್ರಗಳನ್ನು ರೂಪಿಸಿದ್ದವು. ಕನ್ನಡದಲ್ಲಿ ಅಂಥ ಹೊಸ ಭಾಷಾಂತರ ಕೈಗೆ ಬಂದಾಗ ಅಪ್ಪನೂ ಇರಲಿಲ್ಲ. ಅದರಲ್ಲಿ ಸುವಾರ್ತೆ ಎಂಬಲ್ಲಿ ಶುಭಸಂದೇಶ ಎಂದಿದೆ. ವಿಮೋಚನೆಯ ಆ ಕಾಂಡವನ್ನು ತೆರೆದೆ. ಯೆಹೋವ ಎಂದು ನಾನು ಕೇಳಿ ಬೆಳೆದ ಕಡೆಯಲ್ಲೆಲ್ಲ ಸರ್ವೇಶ್ವರ ಎಂದು ಅಚ್ಚಾಗಿತ್ತು. ಅಪ್ಪ ಒಂದು ರಾತ್ರಿ ಒಬ್ಬಳ ಸಲುವಾಗಿ ಮಾಡಿದ ತಿದ್ದುಪಡಿಯನ್ನು ಪಂಡಿತರು ಕೂಡಿ ಚರ್ಚಿಸಿ ಎಲ್ಲರ ಸಲುವಾಗಿ ಮಾಡಿದ್ದರು.

ಇದರಿಂದ ಎಲ್ಲವೂ ಸರಿಹೋಯಿತೆಂದು ನಾನು ಹೇಳುತ್ತಿಲ್ಲ. ಪ್ರಾಟೆಸ್ಟೆಂಟರಲ್ಲಿ ಬಹುಮಂದಿ ಹಳೆಯ ಸತ್ಯವೇದವನ್ನೇ ಹಿಡಿದಿದ್ದಾರೆ. ಅದರ ಲಯ ಅವರ ಉಸಿರಿಗೆ ಹೊಂದಿಕೊಂಡಿದೆ, ಅದನ್ನು ಬಿಡಿ ಎನ್ನಲು ನಾನು ಯಾರು? ನಮ್ಮ ಮೊಮ್ಮಕ್ಕಳಲ್ಲಿ ಅನೇಕರು ಇಂಗ್ಲಿಷಿನಲ್ಲಿ ಪ್ರಾರ್ಥಿಸುತ್ತಾರೆ. ಅವರಿಗೆ ಯಾಜಕಕಾಂಡವೂ ತಿಳಿಯದು, ವಾಲ್ಮೀಕಿಯ ಕಾಂಡಗಳೂ ತಿಳಿಯವು. ಸುಮಾರು ಇನ್ನೂರು ವರ್ಷಗಳ ಹಿಂದೆ ಹೆಸರಿಲ್ಲದ ಪಂಡಿತನೊಬ್ಬ ತನ್ನದಲ್ಲದ ದೇವರಿಗೆ ತನ್ನ ಮನೆಯ ಒಳ್ಳೆಯ ಪದಗಳನ್ನು ಆರಿಸಿಕೊಟ್ಟ. ಅವು ಬಳಕೆಯಲ್ಲಿ ಇದ್ದರೆ ಅವನ ಋಣ ಸ್ವಲ್ಪವಾದರೂ ತೀರುತ್ತದೆ.

ಅಪ್ಪನ ಕಪ್ಪು ರಟ್ಟಿನ ಸತ್ಯವೇದ ಈಗ ನನ್ನ ಬಳಿ ಇದೆ. ಆ ಅಧ್ಯಾಯದ ಪುಟಗಳನ್ನು ಎಷ್ಟೋ ಸಲ ಬೆಳಕಿಗೆ ಹಿಡಿದು ನೋಡಿದ್ದೇನೆ. ಪೆನ್ಸಿಲಿನ ಒಂದು ಗೀಟೂ ಅಲ್ಲಿಲ್ಲ. ಅಚ್ಚಾದುದನ್ನು ಅವರು ಅಚ್ಚಾದಂತೆಯೇ ಬಿಟ್ಟಿದ್ದಾರೆ. ಅದರ ಪಕ್ಕದಲ್ಲಿ ತಾತ ತಿದ್ದಿದ ನಾಲ್ಕು ಹಾಳೆಗಳನ್ನೂ ಅಮ್ಮನ ಜಪಸರವನ್ನೂ ಇಟ್ಟುಕೊಂಡಿದ್ದೇನೆ. ರಾತ್ರಿ ಊಟವಾದ ಮೇಲೆ ಒಂದು ಅಧ್ಯಾಯ ಓದುತ್ತೇನೆ; ಸಾಲಾಗಿಯೇ, ವಂಶಾವಳಿಗಳನ್ನೂ ಬಿಡದೆ. ದೇವರ ಹೆಸರು ಬಂದಾಗ ಕೆಲವು ದಿನ ಅಪ್ಪನಂತೆ ಓದುತ್ತೇನೆ, ಕೆಲವು ದಿನ ಅಮ್ಮನಂತೆ.